ಡಾಟ್ಸನ್ 280ಜೆಡ್ ಕಾರಿನ ಹವಾನಿಯಂತ್ರಣ ಮತ್ತು ಐಡ್ಲಿಂಗ್ ದೋಷಗಳು

ಡಾಟ್ಸನ್ 280ಜೆಡ್ ಕಾರಿನ ಹವಾನಿಯಂತ್ರಣ ಮತ್ತು ಐಡ್ಲಿಂಗ್ ದೋಷಗಳು ಎಂಬುದು, ಕಾರು ನಿಂತಲ್ಲೇ ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಏರ್ ಕಂಡಿಷನರ್ ಬಳಕೆಯಿಂದ ಕಾಣಿಸಿಕೊಳ್ಳುವ ತೊಂದರೆಗಳಿಗೆ ಒಟ್ಟಾಗಿ ಕೊಡಬಹುದಾದ ಹೆಸರು. ಏಸಿ ಹಾಕಿದೊಡನೆ ಎಂಜಿನ್ನಿನ ವೇಗ ಕುಸಿಯುವುದು, ಕಾರು ನಡುಗುವುದು, ಎಂಜಿನ್ ಆರಿಹೋಗುವುದು, ವೇಗ ಏರಿಳಿಯುತ್ತಿರುವುದು, ಕಾರು ಓಡುವಾಗ ಬರುವ ತಂಪು ಸಿಗ್ನಲ್‌ನಲ್ಲಿ ನಿಂತಾಗ ಬಾರದಿರುವುದು ಇವುಗಳಲ್ಲಿ ಮುಖ್ಯವಾದವು. 1960 ಮತ್ತು 1970ರ ದಶಕಗಳ, ಏಸಿ ಇರುವ ಅನೇಕ ಸ್ಪೋರ್ಟ್ಸ್ ಕಾರುಗಳಲ್ಲಿ ಇಂತಹ ತೊಂದರೆಗಳು ಕಾಣಿಸಿಕೊಳ್ಳಬಹುದು. 280ಜೆಡ್ ಕಾರಿನಲ್ಲಿ ಎಂಜಿನ್, ವಿದ್ಯುತ್ ಮತ್ತು ನಿರ್ವಾತ ವ್ಯವಸ್ಥೆಗಳು ಮೂರೂ ಹವಾನಿಯಂತ್ರಣದೊಂದಿಗೆ ಹೆಣೆದುಕೊಂಡಿರುವುದರಿಂದ ದೋಷದ ಮೂಲವನ್ನು ಗುರುತಿಸಲು ಕ್ರಮಬದ್ಧವಾದ ಪರೀಕ್ಷೆ ಬೇಕಾಗುತ್ತದೆ.

ಹಿನ್ನೆಲೆ

ಕಾರಿನಲ್ಲಿ ಯಾಂತ್ರಿಕ ಹವಾನಿಯಂತ್ರಣವನ್ನು ಮೊದಲು ಮಾರುಕಟ್ಟೆಗೆ ತಂದದ್ದು ಅಮೆರಿಕದ ಪ್ಯಾಕರ್ಡ್ ಸಂಸ್ಥೆ. ಅದು 1940ರ ಮಾದರಿಯ ಕಾರುಗಳಲ್ಲಿ ದೊರೆಯುತ್ತಿತ್ತು. ಸ್ಪೋರ್ಟ್ಸ್ ಕಾರುಗಳಿಗೆ ಈ ಸೌಕರ್ಯ ಬಂದದ್ದು ತಡವಾಗಿ. ಷೆವ್ರೊಲೆ ಕಾರ್ವೆಟ್ ಕಾರಿಗೆ 1963ರ ಮಾದರಿಯಿಂದ ಏಸಿ ಐಚ್ಛಿಕ ಸೌಕರ್ಯವಾಗಿ ಲಭ್ಯವಾಯಿತು.

ಜಪಾನಿನ ನಿಸ್ಸಾನ್ ಸಂಸ್ಥೆಯು 1969ರಲ್ಲಿ ಎಸ್30 ಎಂಬ ಸಂಕೇತನಾಮದ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರನ್ನು ಸ್ವದೇಶದಲ್ಲಿ ಫೇರ್‌ಲೇಡಿ ಜೆಡ್ ಎಂಬ ಹೆಸರಿನಿಂದ ಬಿಡುಗಡೆ ಮಾಡಿತು. ಇದೇ ಕಾರು ಉತ್ತರ ಅಮೆರಿಕದಲ್ಲಿ ಡಾಟ್ಸನ್ 240ಜೆಡ್, ಅನಂತರ 260ಜೆಡ್ ಮತ್ತು 1975ರಿಂದ 1978ರವರೆಗಿನ ಮಾದರಿಗಳಲ್ಲಿ 280ಜೆಡ್ ಎಂದು ಮಾರಾಟವಾಯಿತು. ಮೊದಲ ಎರಡರಲ್ಲಿ ಅವಳಿ ಕಾರ್ಬ್ಯುರೇಟರ್‌ಗಳಿದ್ದವು. 280ಜೆಡ್‌ನಲ್ಲಿ 2,753 ಘನ ಸೆಂ.ಮೀ. ಸಾಮರ್ಥ್ಯದ, ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿರುವ ಎಲ್28 ಎಂಜಿನ್ನಿಗೆ ಬಾಷ್ ಸಂಸ್ಥೆಯ ಎಲ್-ಜೆಟ್ರಾನಿಕ್ ಮಾದರಿಯ ಇಂಧನ ಇಂಜೆಕ್ಷನ್ ವ್ಯವಸ್ಥೆಯನ್ನು ಅಳವಡಿಸಲಾಯಿತು. 'ಎಲ್' ಎಂಬ ಅಕ್ಷರ ಗಾಳಿ ಎಂಬ ಅರ್ಥದ 'ಲುಫ್ಟ್' ಎಂಬ ಜರ್ಮನ್ ಪದದಿಂದ ಬಂದಿದೆ. ಎಂಜಿನ್ ಒಳಗೆ ಎಳೆದುಕೊಳ್ಳುವ ಗಾಳಿಯನ್ನು ಒಂದು ರೆಕ್ಕೆಯ ಬಾಗುವಿಕೆಯಿಂದ ಅಳೆದು, ಅದಕ್ಕೆ ತಕ್ಕಷ್ಟು ಪೆಟ್ರೋಲನ್ನು ಸಿಂಪಡಿಸುವುದು ಈ ವ್ಯವಸ್ಥೆಯ ತತ್ತ್ವ.

ಐಡ್ಲಿಂಗ್ ಸ್ಥಿತಿಯ ಸಮತೋಲನ

ಚಾಲಕರು ಆಕ್ಸಿಲರೇಟರ್ ಒತ್ತದೆ ಇರುವಾಗಲೂ ಎಂಜಿನ್ ಆರದಂತೆ ತಿರುಗುವ ಸ್ಥಿತಿಗೆ ಐಡ್ಲಿಂಗ್ ಎನ್ನುತ್ತಾರೆ. ಮ್ಯಾನುಯಲ್ ಗೇರ್ ಇರುವ 280ಜೆಡ್‌ನಲ್ಲಿ ಇದು ನಿಮಿಷಕ್ಕೆ ಸುಮಾರು 800 ಸುತ್ತು. ಈ ಸ್ಥಿತಿಯಲ್ಲಿ ಎಂಜಿನ್ ಉತ್ಪಾದಿಸುವ ಶಕ್ತಿಯೆಲ್ಲ ತನ್ನದೇ ಘರ್ಷಣೆಯನ್ನು ಮೀರಲು, ಆಲ್ಟರ್ನೇಟರ್, ನೀರಿನ ಪಂಪು ಮತ್ತು ಫ್ಯಾನನ್ನು ತಿರುಗಿಸಲು ವ್ಯಯವಾಗುತ್ತದೆ; ಉಳಿಕೆ ಎಂಬುದು ಬಹಳ ಕಡಿಮೆ. ಏಸಿ ಕಂಪ್ರೆಸರ್ ಈ ಹಂತದಲ್ಲಿ ಒಂದೆರಡು ಕಿಲೋವಾಟ್‌ಗಳಷ್ಟು ಹೆಚ್ಚಿನ ಶಕ್ತಿಯನ್ನು ಬೇಡುತ್ತದೆ. ಹೆದ್ದಾರಿಯಲ್ಲಿ ಗಮನಕ್ಕೇ ಬಾರದ ಈ ಹೊರೆ ನಿಂತ ಕಾರಿನ ಎಂಜಿನ್ನಿಗೆ ಭಾರವಾಗುತ್ತದೆ.

ಇಂದಿನ ಕಾರುಗಳಲ್ಲಿ ಕಂಪ್ಯೂಟರ್ ಈ ಬೇಡಿಕೆಯನ್ನು ಮುಂಚಿತವಾಗಿ ಅರಿತು ಗಾಳಿಯ ಪ್ರಮಾಣವನ್ನು ತಾನೇ ಸರಿಪಡಿಸುತ್ತದೆ. 280ಜೆಡ್‌ನ ನಿಯಂತ್ರಣ ಘಟಕವಾದರೋ ಒಳಬಂದ ಗಾಳಿಗೆ ತಕ್ಕ ಪೆಟ್ರೋಲನ್ನು ಕೊಡಬಲ್ಲುದೇ ಹೊರತು ಗಾಳಿಯನ್ನು ಹೆಚ್ಚಿಸಲಾರದು. ಆ ಕೆಲಸಕ್ಕೆ ಪ್ರತ್ಯೇಕ ಸಾಧನ ಬೇಕು.

ಐಡ್ಲಿಂಗ್ ವೇಗ ಏರಿಸುವ ಸಾಧನ

ಏಸಿ ಅಳವಡಿಸಿದ ಜೆಡ್ ಕಾರುಗಳಲ್ಲಿ ಈ ಪ್ರತ್ಯೇಕ ಸಾಧನವನ್ನು ಎಫ್‌ಐಸಿಡಿ ಎಂಬ ಸಂಕ್ಷಿಪ್ತ ಹೆಸರಿನಿಂದ ಕರೆಯುತ್ತಾರೆ. ಇದರಲ್ಲಿ ಎರಡು ಭಾಗಗಳಿವೆ. ಮೊದಲನೆಯದು ವಿದ್ಯುತ್ತಿನಿಂದ ತೆರೆಯುವ ಸೊಲೆನಾಯ್ಡ್ ಕವಾಟ. ಎರಡನೆಯದು ನಿರ್ವಾತದಿಂದ, ಅಂದರೆ ಮೆಕ್ಯಾನಿಕ್‌ಗಳ ಮಾತಿನ 'ವ್ಯಾಕ್ಯೂಮ್'ನಿಂದ, ಎಳೆಯಲ್ಪಡುವ ರಬ್ಬರ್ ಪೊರೆಯುಳ್ಳ ಚಾಲಕ ಭಾಗ. ಕಂಪ್ರೆಸರ್‌ಗೆ ವಿದ್ಯುತ್ ಹೋಗುವಾಗಲೇ ಸೊಲೆನಾಯ್ಡ್‌ಗೂ ಹೋಗುತ್ತದೆ. ಕವಾಟ ತೆರೆದು ಎಂಜಿನ್ನಿನ ನಿರ್ವಾತವು ಪೊರೆಯನ್ನು ಎಳೆಯುತ್ತದೆ. ಕಾರ್ಬ್ಯುರೇಟರ್ ಇರುವ ಕಾರುಗಳಲ್ಲಿ ಇಂತಹ ಸಾಧನವು ಸಾಮಾನ್ಯವಾಗಿ ಥ್ರಾಟಲ್ ಸನ್ನೆಯನ್ನು ಕೊಂಚ ಸರಿಸುತ್ತದೆ. ಇಂಜೆಕ್ಷನ್ ಇರುವ ಕಾರುಗಳಲ್ಲಿ ಥ್ರಾಟಲ್ ತಟ್ಟೆಯನ್ನು ಬಳಸಿಕೊಂಡು ಹೋಗುವ ಹೆಚ್ಚುವರಿ ಗಾಳಿಗೆ ದಾರಿ ಮಾಡಿಕೊಡುತ್ತದೆ. ಇದರ ಪರಿಣಾಮವಾಗಿ ಕಂಪ್ರೆಸರ್ ಹೊರೆ ಬೀಳುತ್ತಿದ್ದಂತೆ ಎಂಜಿನ್ನಿಗೆ ಅಷ್ಟೇ ಬಲ ದೊರೆತು ವೇಗ ಸ್ಥಿರವಾಗಿರುತ್ತದೆ.

ಸುಮಾರು ಅರ್ಧ ಶತಮಾನ ಕಳೆದ ಈ ಕಾರುಗಳಲ್ಲಿ ಪೊರೆ ಬಿರುಕು ಬಿಟ್ಟಿರುವುದು, ಕೊಳವೆ ಗಟ್ಟಿಯಾಗಿ ಸೀಳಿರುವುದು, ಸೊಲೆನಾಯ್ಡ್‌ನ ತಂತಿ ಕಳಚಿರುವುದು ಅಥವಾ ಹಿಂದಿನ ಮಾಲೀಕರು ಸಾಧನವನ್ನೇ ತೆಗೆದು ಕೊಳವೆಯ ಬಾಯಿಗೆ ಬಿರಡೆ ಹಾಕಿರುವುದು ಅಪರೂಪವಲ್ಲ.

ಒಂದು ಸ್ವಿಚ್ಚು, ಮೂರು ಹೊರೆಗಳು

ದೋಷ ಪತ್ತೆಯಲ್ಲಿ ನೆನಪಿಡಬೇಕಾದ ಮುಖ್ಯ ಸಂಗತಿಯೆಂದರೆ, ಏಸಿಯ ಗುಂಡಿಯನ್ನು ಸರಿಸಿದಾಗ ಎಂಜಿನ್ನಿನ ಮೇಲೆ ಬೀಳುವುದು ಒಂದು ಹೊರೆಯಲ್ಲ, ಮೂರು.

ಯಾಂತ್ರಿಕ ಹೊರೆ: ವಿದ್ಯುತ್ಕಾಂತ ಕ್ಲಚ್ ಹಿಡಿದುಕೊಂಡು ಬೆಲ್ಟ್ ಮೂಲಕ ಕಂಪ್ರೆಸರ್ ತಿರುಗತೊಡಗುತ್ತದೆ.

ವಿದ್ಯುತ್ ಹೊರೆ: ಒಳಗಿನ ಬ್ಲೋವರ್ ಮೋಟಾರು ಮತ್ತು ಕ್ಲಚ್ಚಿನ ಸುರುಳಿ ವಿದ್ಯುತ್ತನ್ನು ಸೆಳೆಯುತ್ತವೆ. ಆಲ್ಟರ್ನೇಟರ್ ಅದನ್ನು ಉತ್ಪಾದಿಸಲು ಎಂಜಿನ್ನನ್ನು ಇನ್ನಷ್ಟು ಜಗ್ಗುತ್ತದೆ. ಹಳೆಯ ತಂತಿಗಳಲ್ಲೂ ಅರ್ತಿಂಗ್ ಜೋಡಣೆಗಳಲ್ಲೂ ತುಕ್ಕು ಹಿಡಿದಿದ್ದರೆ ವೋಲ್ಟೇಜ್ ಕುಸಿದು ಇಗ್ನಿಷನ್ ಮತ್ತು ಪೆಟ್ರೋಲ್ ಪಂಪು ಸೊರಗುತ್ತವೆ.

ನಿರ್ವಾತದ ಹೊರೆ: ಡ್ಯಾಷ್‌ಬೋರ್ಡಿನ ಒಳಗೆ ಗಾಳಿಯ ದಿಕ್ಕು ಬದಲಿಸುವ ಬಾಗಿಲುಗಳನ್ನು ಎಂಜಿನ್ನಿನ ನಿರ್ವಾತವೇ ಎಳೆಯುತ್ತದೆ. ಆ ಕೊಳವೆಗಳಲ್ಲಿ ಸೋರಿಕೆಯಿದ್ದರೆ, ಆ ಸ್ಥಾನವನ್ನು ಆರಿಸಿದಾಗ ಮಾತ್ರ ಎಂಜಿನ್ನಿಗೆ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುತ್ತದೆ.

ಮೂರೂ ಒಂದೇ ಕ್ಷಣದಲ್ಲಿ ಆರಂಭವಾಗುವುದರಿಂದ ಮೂರರ ಲಕ್ಷಣವೂ ಒಂದೇ ಆಗಿ ತೋರುತ್ತದೆ. ಕಂಪ್ರೆಸರನ್ನೇ ತಪ್ಪಿತಸ್ಥನೆಂದು ಭಾವಿಸಿ ದುಬಾರಿ ಭಾಗಗಳನ್ನು ಬದಲಿಸಿದರೂ ತೊಂದರೆ ಉಳಿಯುವುದಕ್ಕೆ ಇದೇ ಕಾರಣ. ಪರೀಕ್ಷೆಯ ತಿರುಳೆಂದರೆ ಈ ಮೂರನ್ನೂ ಒಂದೊಂದಾಗಿ ಬೇರ್ಪಡಿಸಿ ನೋಡುವುದು.

ಮೊದಲ ಹಂತ: ಏಸಿ ಇಲ್ಲದ ಐಡ್ಲಿಂಗ್

ಏಸಿ ಆರಿಸಿದಾಗಲೇ ಎಂಜಿನ್ ಸಮನಾಗಿ ತಿರುಗದಿದ್ದರೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿರುವುದಿಲ್ಲ. ಆದುದರಿಂದ ಎಂಜಿನ್ ಪೂರ್ಣ ಬಿಸಿಯಾದ ಮೇಲೆ ಈ ಅಂಶಗಳನ್ನು ಕ್ರಮವಾಗಿ ನೋಡಬೇಕು.

ವಾಲ್ವ್ ಅಂತರ: ಎಲ್28 ಎಂಜಿನ್ನಿನಲ್ಲಿ ಇದನ್ನು ಕೈಯಿಂದಲೇ ಹೊಂದಿಸಬೇಕು. ಬಿಸಿ ಎಂಜಿನ್ನಿನಲ್ಲಿ ಒಳಹರಿವಿನ ವಾಲ್ವ್‌ಗೆ 0.25 ಮಿ.ಮೀ., ಹೊರಹರಿವಿನದಕ್ಕೆ 0.30 ಮಿ.ಮೀ. ಇರಬೇಕು.

ಇಗ್ನಿಷನ್: ಪ್ಲಗ್, ತಂತಿ ಮತ್ತು ಡಿಸ್ಟ್ರಿಬ್ಯೂಟರ್ ಮುಚ್ಚಳ ಸುಸ್ಥಿತಿಯಲ್ಲಿರಬೇಕು. ಉರಿಯುವ ಸರದಿ 1-5-3-6-2-4. ಕಿಡಿಯ ಟೈಮಿಂಗನ್ನು ಬಾನೆಟ್ಟಿನ ಅಡಿಯ ಚೀಟಿಯಲ್ಲಿ ನಮೂದಿಸಿದಂತೆ ಇಡಬೇಕು.

ಪೆಟ್ರೋಲ್ ಒತ್ತಡ: ಎಲ್-ಜೆಟ್ರಾನಿಕ್‌ನಲ್ಲಿ ಒತ್ತಡ ನಿಯಂತ್ರಕವು ಪೆಟ್ರೋಲಿನ ಒತ್ತಡವನ್ನು ಒಳಹರಿವಿನ ಕೊಳವೆಯ ಒತ್ತಡಕ್ಕಿಂತ ಚದರ ಸೆಂ.ಮೀ.ಗೆ ಸುಮಾರು 2.5 ಕಿ.ಗ್ರಾಂ. ಹೆಚ್ಚಾಗಿ ಕಾಯ್ದುಕೊಳ್ಳುತ್ತದೆ.

ಗಾಳಿ ಸೋರಿಕೆ: ಅಳತೆಯ ಮೀಟರನ್ನು ದಾಟಿದ ಮೇಲೆ ಎಲ್ಲಿ ಗಾಳಿ ಒಳನುಗ್ಗಿದರೂ ಅದು ಲೆಕ್ಕಕ್ಕೆ ಸಿಗದೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ. ಕ್ರ್ಯಾಂಕ್‌ಕೇಸಿನ ಅನಿಲ ಒಳಹರಿವಿನ ಕೊಳವೆಗೇ ಹಿಂದಿರುಗುವುದರಿಂದ ಆಯಿಲ್ ಹಾಕುವ ಬಾಯಿ ಮತ್ತು ಡಿಪ್‌ಸ್ಟಿಕ್ಕಿನ ಸೀಲು ಕೂಡ ಇಲ್ಲಿ ಮುಖ್ಯ. ಸುಸ್ಥಿತಿಯ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಆಯಿಲ್ ಮುಚ್ಚಳ ತೆಗೆದರೆ ಅದು ತಡವರಿಸಬೇಕು ಅಥವಾ ಆರಬೇಕು. ಮುಚ್ಚಳ ತೆಗೆದರೂ ಏನೂ ವ್ಯತ್ಯಾಸವಾಗದಿದ್ದರೆ ಬೇರೆಲ್ಲೋ ದೊಡ್ಡ ಸೋರಿಕೆಯಿದೆ ಎಂದು ಶಂಕಿಸಬಹುದು. ಇದಕ್ಕೆ ಯಾವ ಉಪಕರಣವೂ ಬೇಕಾಗಿಲ್ಲ.

ಶೀತಲ ಎಂಜಿನ್ನಿಗೆ ಹೆಚ್ಚು ಗಾಳಿ ಕೊಡುವ ನಿಯಂತ್ರಕ: ಇದು ಬಿಸಿಯಾದಂತೆ ಮುಚ್ಚಿಕೊಳ್ಳಬೇಕು. ಬಿಸಿ ಎಂಜಿನ್ನಿನಲ್ಲಿ ಇದರ ಕೊಳವೆಯನ್ನು ಹಿಚುಕಿದಾಗ ವೇಗ ಗಣನೀಯವಾಗಿ ಇಳಿದರೆ ಅದು ಮುಚ್ಚಿಲ್ಲವೆಂದು ತಿಳಿಯಬೇಕು.

ಇವೆಲ್ಲ ಸರಿಯಾದ ಬಳಿಕವೇ ಐಡ್ಲಿಂಗ್ ತಿರುಪನ್ನು ತಿರುಗಿಸಿ 800 ಸುತ್ತಿಗೆ ತರಬೇಕು. ಸಮುದ್ರಮಟ್ಟದ ಊರುಗಳಲ್ಲಿ ಒಳಹರಿವಿನ ಕೊಳವೆಯ ನಿರ್ವಾತವು ಪಾದರಸದ 17ರಿಂದ 21 ಇಂಚುಗಳಷ್ಟಿದ್ದು, ಮುಳ್ಳು ಅಲುಗದೆ ನಿಂತರೆ ಎಂಜಿನ್ ಆರೋಗ್ಯವಾಗಿದೆ ಎನ್ನಬಹುದು.

ಎರಡನೆಯ ಹಂತ: ಹೊರೆಗಳನ್ನು ಬೇರ್ಪಡಿಸುವುದು

ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ತಡೆ ಕೊಟ್ಟು ಈ ಪರೀಕ್ಷೆಗಳನ್ನು ಮಾಡಬೇಕು.

1. ಏಸಿ ಇಲ್ಲದೆ ಬ್ಲೋವರನ್ನು ಮಾತ್ರ ಗರಿಷ್ಠ ವೇಗದಲ್ಲಿಟ್ಟು ಹೆಡ್‌ಲೈಟ್ ಹಾಕಬೇಕು. ಆಗಲೇ ವೇಗ ಗಣನೀಯವಾಗಿ ಇಳಿದರೆ ದೋಷವಿರುವುದು ಆಲ್ಟರ್ನೇಟರ್, ಬ್ಯಾಟರಿ ಅಥವಾ ಅರ್ತಿಂಗ್ ಜೋಡಣೆಗಳಲ್ಲಿ. ಬ್ಯಾಟರಿಯ ತುದಿಗಳಲ್ಲಿ ವೋಲ್ಟೇಜನ್ನು ಅಳೆದು ನೋಡಬೇಕು.

2. ಎಂಜಿನ್ ಆರಿಸಿ, ಕಂಪ್ರೆಸರ್ ಬಳಿ ಕ್ಲಚ್ಚಿನ ತಂತಿಯನ್ನು ಕಳಚಿ, ಮತ್ತೆ ಎಂಜಿನ್ ಚಾಲೂ ಮಾಡಿ ಏಸಿ ಹಾಕಬೇಕು. ಈಗ ಕಂಪ್ರೆಸರ್ ತಿರುಗುವುದಿಲ್ಲ. ಆದರೆ ಐಡ್ಲಿಂಗ್ ಏರಿಸುವ ಸಾಧನ ಕೆಲಸ ಮಾಡುತ್ತದೆ. ಹೊರೆಯಿಲ್ಲದೆ ಬಲ ಮಾತ್ರ ಸಿಗುವುದರಿಂದ ಎಂಜಿನ್ನಿನ ವೇಗ ಸ್ಪಷ್ಟವಾಗಿ ಏರಬೇಕು.

3. ವೇಗ ಏರದೆ ಇದ್ದಂತೆಯೇ ಇದ್ದರೆ ದೋಷ ಆ ಸಾಧನದಲ್ಲಿದೆ. ಸೊಲೆನಾಯ್ಡ್‌ಗೆ 12 ವೋಲ್ಟ್ ಬರುತ್ತಿದೆಯೇ, ಅದು 'ಟಕ್' ಎನ್ನುತ್ತದೆಯೇ, ಕೊಳವೆಯಲ್ಲಿ ನಿರ್ವಾತ ಬರುತ್ತಿದೆಯೇ, ಕೈಪಂಪಿನಿಂದ ಎಳೆದಾಗ ಪೊರೆ ಎಳೆತವನ್ನು ಹಿಡಿದಿಟ್ಟುಕೊಳ್ಳುತ್ತದೆಯೇ ಎಂದು ಇದೇ ಅನುಕ್ರಮದಲ್ಲಿ ನೋಡಬೇಕು.

4. ಕಂಪ್ರೆಸರ್ ತಿರುಗದಿದ್ದರೂ ವೇಗ ಇಳಿದರೆ ಅಥವಾ ಎಂಜಿನ್ ನಡುಗಿದರೆ ನಿರ್ವಾತದ ಸೋರಿಕೆಯನ್ನು ಶಂಕಿಸಬೇಕು. ಎಂಜಿನ್ನಿನಿಂದ ಡ್ಯಾಷ್‌ಬೋರ್ಡಿಗೆ ಹೋಗುವ ನಿರ್ವಾತ ಕೊಳವೆಯನ್ನು ಕಳಚಿ ಎಂಜಿನ್ ಕಡೆಯ ಬಾಯಿಗೆ ಬಿರಡೆ ಹಾಕಿ ಪುನಃ ಪರೀಕ್ಷಿಸಬೇಕು. ತೊಂದರೆ ಮಾಯವಾದರೆ ಸೋರಿಕೆ ಡ್ಯಾಷ್‌ಬೋರ್ಡಿನ ಒಳಗಿನ ಪೊರೆಗಳಲ್ಲಿ, ನಿರ್ವಾತ ಸಂಗ್ರಹಿಸುವ ಡಬ್ಬಿಯಲ್ಲಿ ಅಥವಾ ಗುಂಡಿಯ ಹಿಂದಿನ ಕವಾಟದಲ್ಲಿದೆ.

5. ಮೇಲಿನ ಪರೀಕ್ಷೆಗಳೆಲ್ಲ ಸರಿಯಾಗಿದ್ದು, ತಂತಿಯನ್ನು ಮತ್ತೆ ಜೋಡಿಸಿದಾಗ ಮಾತ್ರ ಎಂಜಿನ್ ಕುಸಿದರೆ ದೋಷ ಕಂಪ್ರೆಸರ್ ಹೊರೆಯದು. ಎಂಜಿನ್ ಆರಿಸಿ ಕ್ಲಚ್ಚಿನ ಮುಂದಿನ ತಟ್ಟೆಯನ್ನು ಕೈಯಿಂದ ತಿರುಗಿಸಬೇಕು; ಅದು ಒರಟಾಗಿ ಅಥವಾ ಬಿಗಿಯಾಗಿ ತಿರುಗಿದರೆ ಕಂಪ್ರೆಸರ್ ಸವೆದಿದೆ. ಸರಾಗವಾಗಿ ತಿರುಗಿದರೆ ಶೈತ್ಯಕಾರಕದ ಒತ್ತಡ ಮಿತಿಮೀರಿದೆಯೇ ಎಂದು ಗೇಜುಗಳಿಂದ ಅಳೆಯಿಸಬೇಕು.

ವೇಗ ಒಂದೇ ಲಯದಲ್ಲಿ ಏರಿಳಿಯುತ್ತಿದ್ದು, ಪ್ರತಿ ಏರಿಳಿತದೊಂದಿಗೆ ಕ್ಲಚ್ಚಿನ 'ಟಕ್' ಸದ್ದು ಕೇಳಿಸಿದರೆ ಕಂಪ್ರೆಸರ್ ಪದೇ ಪದೇ ಸೇರಿ ಬಿಡುತ್ತಿದೆ ಎಂದರ್ಥ. ಶೈತ್ಯಕಾರಕ ಕಡಿಮೆಯಾಗಿರುವುದು ಅಥವಾ ಥರ್ಮೋಸ್ಟಾಟ್ ಸ್ವಿಚ್ಚಿನ ದೋಷ ಇದಕ್ಕೆ ಸಾಮಾನ್ಯ ಕಾರಣಗಳು. ಸದ್ದಿಗೂ ಏರಿಳಿತಕ್ಕೂ ಸಂಬಂಧವಿಲ್ಲದಿದ್ದರೆ ಮತ್ತೆ ಗಾಳಿ ಸೋರಿಕೆಯ ಕಡೆಗೇ ಗಮನ ಹರಿಸಬೇಕು.

ನಿಂತಾಗ ತಂಪು ಸಾಲದಿರುವುದು

ಎಂಜಿನ್ ಸಮನಾಗಿ ತಿರುಗುತ್ತಿದ್ದರೂ ಕಾರು ನಿಂತಾಗ ತಂಪು ಬಾರದಿರುವುದು ಬೇರೆಯೇ ದೋಷ. ಇದರಲ್ಲಿ ಎಂಜಿನ್ನಿನ ಶಕ್ತಿಗಿಂತ ಗಾಳಿಯ ಹರಿವು ಮುಖ್ಯ. ರೇಡಿಯೇಟರ್ ಮುಂದಿರುವ ಕಂಡೆನ್ಸರ್ ತನ್ನೊಳಗಿನ ಬಿಸಿ ಅನಿಲವನ್ನು ದ್ರವವಾಗಿಸಬೇಕಾದರೆ ಅದರ ಮೂಲಕ ಗಾಳಿ ಹರಿಯಬೇಕು. ಓಡುವ ಕಾರಿನಲ್ಲಿ ಎದುರುಗಾಳಿಯೇ ಆ ಕೆಲಸ ಮಾಡುತ್ತದೆ. ನಿಂತಾಗ ಎಂಜಿನ್ನಿನಿಂದ ತಿರುಗುವ ಫ್ಯಾನು ಮಾತ್ರ ಆಧಾರ. 280ಜೆಡ್‌ನಲ್ಲಿ ದ್ರವದ ಕ್ಲಚ್ ಮೂಲಕ ತಿರುಗುವ ಈ ಫ್ಯಾನು ಐಡ್ಲಿಂಗ್‌ನಲ್ಲಿ ನಿಧಾನವಾಗಿರುತ್ತದೆ. ಕ್ಲಚ್ಚಿನ ದ್ರವ ಸೋರಿದ್ದರೆ ಅಥವಾ ಫ್ಯಾನಿನ ಸುತ್ತಲಿನ ಕವಚ ಇಲ್ಲದಿದ್ದರೆ ಗಾಳಿ ಸಾಲದು.

ಇದನ್ನು ದೃಢಪಡಿಸಿಕೊಳ್ಳಲು ಏಸಿ ಹಾಕಿ ಕಾರನ್ನು ನಿಲ್ಲಿಸಿ, ಗ್ರಿಲ್ಲಿನ ಮುಂದೆ ಮನೆಯ ದೊಡ್ಡ ಪೆಡೆಸ್ಟಲ್ ಫ್ಯಾನನ್ನು ಇಟ್ಟು ಓಡಿಸಬೇಕು, ಅಥವಾ ಕಂಡೆನ್ಸರ್ ಮೇಲೆ ನೀರನ್ನು ಸಿಂಪಡಿಸಬೇಕು. ಕೆಲವೇ ನಿಮಿಷಗಳಲ್ಲಿ ತಂಪು ಹೆಚ್ಚಿದರೆ ಕೊರತೆಯಿರುವುದು ಗಾಳಿಯ ಹರಿವಿನಲ್ಲಿ. ಆಗ ಫ್ಯಾನ್ ಕ್ಲಚ್ ಬದಲಿಸುವುದು, ಕವಚವನ್ನು ಕೂರಿಸುವುದು, ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಸಿಲುಕಿದ ಎಲೆ, ಧೂಳನ್ನು ತೆಗೆಯುವುದು, ಅಂಚಿನ ಸಂದುಗಳನ್ನು ಮುಚ್ಚುವುದು ಪರಿಹಾರ.

ಗಾಳಿ ಕೊಟ್ಟರೂ ತಂಪು ಬಾರದಿದ್ದರೆ ಹೀಟರಿಗೆ ಬಿಸಿನೀರು ಬಿಡುವ ಕವಾಟವನ್ನು ನೋಡಬೇಕು. ಅದು ಪೂರ್ತಿ ಮುಚ್ಚದಿದ್ದರೆ ತಣ್ಣಗಾದ ಗಾಳಿ ಮತ್ತೆ ಬೆಚ್ಚಗಾಗುತ್ತದೆ. ಹೀಟರಿನ ರಬ್ಬರ್ ಕೊಳವೆಯನ್ನು ತಾತ್ಕಾಲಿಕವಾಗಿ ಅಮುಕಿ ಹಿಡಿದರೆ ವ್ಯತ್ಯಾಸ ತಿಳಿಯುತ್ತದೆ.

ಶೈತ್ಯಕಾರಕದ ಬದಲಾವಣೆಯ ಪರಿಣಾಮ

ಗ್ಯಾರೇಜಿನ ಮಾತಿನಲ್ಲಿ 'ಗ್ಯಾಸ್' ಎನ್ನುವ ಶೈತ್ಯಕಾರಕವು ಈ ಕಾರುಗಳಲ್ಲಿ ಮೂಲತಃ ಆರ್-12 ಆಗಿತ್ತು. ಇದು ಓಜೋನ್ ಪದರವನ್ನು ಹಾಳುಗೆಡಹುವ ವಸ್ತುಗಳಲ್ಲೊಂದು. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಇದರ ಬಳಕೆ ಇಳಿಯುತ್ತ ಬಂದು, ಅಮೆರಿಕದಲ್ಲಿ 1995ರ ಕೊನೆಗೆ ಉತ್ಪಾದನೆ ನಿಂತಿತು. ಆ ಬಳಿಕ ಅನೇಕ ಹಳೆಯ ಕಾರುಗಳನ್ನು ಆರ್-134ಎಗೆ ಪರಿವರ್ತಿಸಲಾಗಿದೆ.

ಈ ಪರಿವರ್ತನೆಯೇ ಐಡ್ಲಿಂಗ್ ದೋಷಕ್ಕೆ ಕಾರಣವಾಗಬಹುದು. ಕಂಡೆನ್ಸರ್ 60 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಯಾದಾಗ ಆರ್-12ರ ಒತ್ತಡ ಸುಮಾರು 15 ಬಾರ್ ಇದ್ದರೆ, ಆರ್-134ಎಯ ಒತ್ತಡ ಸುಮಾರು 17 ಬಾರ್ ಇರುತ್ತದೆ. ಹಳೆಯ ಕೊಳವೆ-ರೆಕ್ಕೆ ವಿನ್ಯಾಸದ ಕಂಡೆನ್ಸರ್ ಹೊಸ ಅನಿಲದ ಶಾಖವನ್ನು ಅಷ್ಟು ಚೆನ್ನಾಗಿ ಹೊರಹಾಕಲಾರದು. ಒತ್ತಡ ಏರಿದಷ್ಟೂ ಕಂಪ್ರೆಸರ್ ಎಂಜಿನ್ನನ್ನು ಹೆಚ್ಚು ಜಗ್ಗುತ್ತದೆ. ಹೀಗೆ ಗಾಳಿಯ ಹರಿವಿನ ಕೊರತೆಯು ತಂಪನ್ನೂ ಕೆಡಿಸಿ ಐಡ್ಲಿಂಗನ್ನೂ ಕೆಡಿಸುತ್ತದೆ.

ಪರಿವರ್ತಿಸುವಾಗ ಆರ್-12ರ ತೂಕದ ಶೇ. 80ರಿಂದ 90ರಷ್ಟು ಮಾತ್ರ ಆರ್-134ಎ ತುಂಬುವುದು ವಾಡಿಕೆ. ಹಳೆಯ ಖನಿಜ ತೈಲ ಹೊಸ ಅನಿಲದೊಂದಿಗೆ ಬೆರೆಯದ ಕಾರಣ ಕಂಪ್ರೆಸರ್‌ಗೆ ಸೂಕ್ತವಾದ ಎಸ್ಟರ್ ಅಥವಾ ಪಿಎಜಿ ತೈಲವನ್ನು ಬಳಸಬೇಕು. ತೇವ ಹೀರುವ ಡ್ರೈಯರ್ ಭಾಗವನ್ನು ಬದಲಿಸಬೇಕು. ಸಮಾಂತರ ಹರಿವಿನ ಕಂಡೆನ್ಸರ್ ಅಳವಡಿಸಿದರೆ ಒತ್ತಡ ಗಣನೀಯವಾಗಿ ಇಳಿಯುತ್ತದೆ.

ರೂಢಿಯಲ್ಲಿರುವ ತಪ್ಪು ಪರಿಹಾರಗಳು

ಐಡ್ಲಿಂಗ್ ವೇಗವನ್ನು ಶಾಶ್ವತವಾಗಿ ಏರಿಸುವುದು: ತಿರುಪನ್ನು ತಿರುಗಿಸಿ 1,100 ಸುತ್ತಿಗೆ ಇಟ್ಟರೆ ಏಸಿ ಹಾಕಿದಾಗ ಎಂಜಿನ್ ಆರುವುದಿಲ್ಲ ನಿಜ. ಆದರೆ ಮೂಲ ದೋಷ ಮರೆಯಾಗಿ ಉಳಿಯುತ್ತದೆ, ಪೆಟ್ರೋಲ್ ಹೆಚ್ಚು ಖರ್ಚಾಗುತ್ತದೆ. ಆಟೊಮ್ಯಾಟಿಕ್ ಗೇರ್ ಇರುವ ಕಾರು ಬ್ರೇಕ್ ಸಡಿಲಿಸಿದೊಡನೆ ಮುನ್ನುಗ್ಗುತ್ತದೆ.

ಥ್ರಾಟಲ್ ತಡೆಯ ತಿರುಪನ್ನು ಮುಟ್ಟುವುದು: ಇದರಿಂದ ಥ್ರಾಟಲ್ ತಟ್ಟೆ ಕೊಂಚ ತೆರೆದೇ ಉಳಿದು, ಅದಕ್ಕೆ ಜೋಡಿಸಿದ ಸ್ವಿಚ್ಚಿನ ಐಡ್ಲಿಂಗ್ ಸಂಪರ್ಕ ತಪ್ಪಿಹೋಗುತ್ತದೆ. ಎಂಜಿನ್ ಐಡ್ಲಿಂಗ್‌ನಲ್ಲಿದೆ ಎಂಬ ಸೂಚನೆ ನಿಯಂತ್ರಣ ಘಟಕಕ್ಕೆ ಹೋಗುವುದೇ ಇಲ್ಲ.

ಹೊರಗಿನ ಗಾಳಿಯನ್ನು ನೇರವಾಗಿ ಒಳಬಿಡುವುದು: ಕಳೆದುಹೋದ ಸಾಧನದ ಬದಲಿಗೆ ಬೇರೆ ಸೊಲೆನಾಯ್ಡ್ ಹಾಕುವವರು ಅದಕ್ಕೆ ಗಾಳಿಯನ್ನು ಅಳತೆಯ ಮೀಟರ್ ಮತ್ತು ಥ್ರಾಟಲ್ ನಡುವಿನ ಕೊಳವೆಯಿಂದಲೇ ಒದಗಿಸಬೇಕು. ಹೊರಗಿನಿಂದ ತೆಗೆದುಕೊಂಡ ಗಾಳಿ ಲೆಕ್ಕಕ್ಕೆ ಸಿಗದ ಸೋರಿಕೆಗೆ ಸಮ.

ಪರೀಕ್ಷಿಸದೆ ಗ್ಯಾಸ್ ತುಂಬುವುದು: ಹೆಚ್ಚು ತುಂಬಿದರೆ ಒತ್ತಡ ಏರಿ ತಂಪು ಕಡಿಮೆಯಾಗುತ್ತದೆ, ಎಂಜಿನ್ನಿಗೆ ಹೊರೆ ಹೆಚ್ಚುತ್ತದೆ.

ಸುರಕ್ಷತೆ

ಐಡ್ಲಿಂಗ್‌ನಲ್ಲಿ ಎಂಜಿನ್ ಆರಿಹೋಗುವುದು ಬರಿಯ ಕಿರಿಕಿರಿಯಲ್ಲ. 280ಜೆಡ್‌ನ ಬ್ರೇಕಿಗೆ ನೆರವು ನೀಡುವ ಬೂಸ್ಟರ್ ಎಂಜಿನ್ನಿನ ನಿರ್ವಾತದಿಂದಲೇ ಕೆಲಸ ಮಾಡುತ್ತದೆ. ಎಂಜಿನ್ ಆರಿದ ಮೇಲೆ ಸಂಗ್ರಹದಲ್ಲಿರುವ ನಿರ್ವಾತ ಕೆಲವು ಬಾರಿ ಒತ್ತುವುದಕ್ಕಷ್ಟೇ ಸಾಕಾಗುತ್ತದೆ. ಅನಂತರ ಪೆಡಲ್ ಗಟ್ಟಿಯಾಗಿ, ಬಹಳ ಬಲ ಹಾಕಬೇಕಾಗುತ್ತದೆ. ಇಳಿಜಾರಿನಲ್ಲಿ, ವೃತ್ತಗಳಲ್ಲಿ ಅಥವಾ ರೈಲ್ವೆ ಗೇಟಿನ ಬಳಿ ಇದು ಅಪಾಯಕ್ಕೆ ಎಡೆಮಾಡಬಹುದು. ಆದುದರಿಂದ ದೋಷ ಸರಿಯಾಗುವವರೆಗೆ ದಟ್ಟ ಸಂಚಾರದಲ್ಲಿ ಏಸಿ ಬಳಸದಿರುವುದು ಲೇಸು.

ಪರೀಕ್ಷೆಯನ್ನು ಬಯಲಿನಲ್ಲಿ ಮಾಡಬೇಕು. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಚಾಲೂ ಇಟ್ಟರೆ ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೆ ಮುಳುವಾಗುತ್ತದೆ. ಸೋರಿಕೆ ಹುಡುಕಲು ಉರಿಯುವ ದ್ರಾವಣವನ್ನು ಬಿಸಿ ಎಂಜಿನ್ನಿನ ಮೇಲೆ ಸಿಂಪಡಿಸುವ ರೂಢಿ ಬೆಂಕಿಗೆ ಆಹ್ವಾನ. ಹೊಗೆ ಹಾಯಿಸಿ ನೋಡುವ ಯಂತ್ರ ಹೆಚ್ಚು ಸುರಕ್ಷಿತ. ಸೆರಗು, ಶಾಲು, ಉದ್ದ ತೋಳುಗಳನ್ನು ಬೆಲ್ಟ್ ಮತ್ತು ಫ್ಯಾನಿನಿಂದ ದೂರವಿಡಬೇಕು.

ಶೈತ್ಯಕಾರಕದ ಕೊಳವೆಗಳನ್ನು ಮನೆಯಲ್ಲಿ ಬಿಚ್ಚಕೂಡದು. ಹೊರಚಿಮ್ಮುವ ದ್ರವ ಚರ್ಮವನ್ನೂ ಕಣ್ಣನ್ನೂ ಹೆಪ್ಪುಗಟ್ಟಿಸಬಲ್ಲುದು. ಆರ್-12 ಓಜೋನ್ ಪದರಕ್ಕೂ, ಎರಡೂ ಅನಿಲಗಳು ಭೂಮಿಯ ತಾಪ ಏರಿಕೆಗೂ ಕಾರಣವಾಗುತ್ತವೆ. ಅಮೆರಿಕದಲ್ಲಿ ಇವನ್ನು ವಾತಾವರಣಕ್ಕೆ ಬಿಡುವುದು ಕಾನೂನುಬಾಹಿರ. ಅನಿಲವನ್ನು ಹೀರಿ ಸಂಗ್ರಹಿಸುವ ಯಂತ್ರವಿರುವ ಕಡೆಯಲ್ಲಿಯೇ ಈ ಕೆಲಸ ಮಾಡಿಸಬೇಕು.

ಇತರ ಕಾರುಗಳಲ್ಲಿ

ಹೊರೆಗಳನ್ನು ಬೇರ್ಪಡಿಸುವ ಕ್ರಮ ಇತರ ಹಳೆಯ ಕಾರುಗಳಿಗೂ ಅನ್ವಯಿಸುತ್ತದೆ. ವಿವರಗಳು ಮಾತ್ರ ಬದಲಾಗುತ್ತವೆ. ಗಾಳಿಯಿಂದ ತಂಪಾಗುವ ಹಿಂಬದಿ ಎಂಜಿನ್ನಿನ ಪೋರ್ಷೆ 911ರಲ್ಲಿ ಕಂಡೆನ್ಸರ್ ಎಂಜಿನ್ ಮುಚ್ಚಳದಲ್ಲಿದ್ದು, ಅದರ ಮೂಲಕ ಗಾಳಿಯನ್ನು ಎಳೆಯುವುದು ಎಂಜಿನ್ನಿನ ಫ್ಯಾನೇ. ಆದುದರಿಂದ ಐಡ್ಲಿಂಗ್‌ನಲ್ಲಿ ತಂಪು ಕಡಿಮೆಯಾಗುವುದು ಅದರ ವಿನ್ಯಾಸದಲ್ಲಿಯೇ ಅಡಗಿದೆ. ಮುಂಭಾಗದಲ್ಲಿ ವಿದ್ಯುತ್ ಫ್ಯಾನಿರುವ ಮತ್ತೊಂದು ಕಂಡೆನ್ಸರನ್ನು ಸೇರಿಸಿ ಇದನ್ನು ತಕ್ಕಮಟ್ಟಿಗೆ ಸುಧಾರಿಸಲಾಯಿತು. ಹೊರಗಿನ ತಯಾರಕರ ಏಸಿ ಕಿಟ್ ಅಳವಡಿಸಿಕೊಂಡ ಆ ಕಾಲದ ಅನೇಕ ಕಾರುಗಳಲ್ಲಿ ಯಾರ್ಕ್ ಅಥವಾ ಟೆಕಮ್ಸೆ ಸಂಸ್ಥೆಯ ಎರಡು ಸಿಲಿಂಡರಿನ ಕಂಪ್ರೆಸರ್‌ಗಳಿದ್ದವು. ಇವು ಐಡ್ಲಿಂಗ್‌ನಲ್ಲಿ ಸಹಜವಾಗಿಯೇ ಹೆಚ್ಚು ಕಂಪಿಸುತ್ತವೆ. ಆ ನಡುಕವನ್ನೆಲ್ಲ ಎಂಜಿನ್ ದೋಷವೆಂದು ಎಣಿಸಬೇಕಾಗಿಲ್ಲ.

ಇವನ್ನೂ ನೋಡಿ

ಹವಾನಿಯಂತ್ರಣ
ಕಾರ್ಬ್ಯುರೇಟರ್
ಅಂತರ್ದಹನ ಎಂಜಿನ್
ಮಾಂಟ್ರಿಯಲ್ ಒಪ್ಪಂದ
ಓಜೋನ್ ಪದರ